ತಟ್ಟಿ ನೋಡುವ ಕೈ: ಸರ್ಕಾರಿ ಖರೀದಿಯ ಕರಾರು ಮತ್ತು ಗುಣಪರೀಕ್ಷೆ



ದತ್ತಿ ಉಪನ್ಯಾಸವೆಂದರೆ ನಮ್ಮ ಕಡೆ ಸಾಮಾನ್ಯವಾಗಿ ಸಾಹಿತ್ಯ, ಯಕ್ಷಗಾನ, ಇಲ್ಲವೆ ಇತಿಹಾಸ. ಈ ವೇದಿಕೆಯಲ್ಲಿ ಟೆಂಡರು, ಕರಾರು, ಕಾಂಕ್ರೀಟು, ಗ್ಲೂಕೋಸ್ ಬಾಟಲಿಗಳ ಬಗ್ಗೆ ಮಾತನಾಡಲು ನೀವು ಒಪ್ಪಿದ್ದಕ್ಕೆ ನಾನು ಕೃತಜ್ಞ. ಆಹ್ವಾನ ಬಂದ ವಾರವೇ ಈ ಕಾಲೇಜಿನ ಸಿವಿಲ್ ವಿಭಾಗದ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಕೆಲಸ ಒಪ್ಪಿಸಿದ್ದೆ. ಅದೇನೆಂದು ಮಾತಿನ ಕೊನೆಗೆ ಹೇಳುತ್ತೇನೆ.

ಹಂಚಿನಿಂದ ಆರಂಭಿಸುತ್ತೇನೆ. ಮನೆಗೆ ಹಂಚು ಕೊಳ್ಳುವಾಗ ನಮ್ಮ ಹಿರಿಯರು ರಾಶಿಯ ನಡುವಿನಿಂದ ಒಂದನ್ನು ಎಳೆದು, ಒಂದು ಕೈಯಲ್ಲಿ ತೂಗಿ ಹಿಡಿದು, ಇನ್ನೊಂದು ಕೈಯ ಗೆಣ್ಣಿನಿಂದ ತಟ್ಟುತ್ತಿದ್ದರು. ‘ಟಣ್’ ಎಂದರೆ ಚೆನ್ನಾಗಿ ಬೆಂದದ್ದು. ಸದ್ದು ಸತ್ತಂತೆ ಬಂದರೆ ಎಲ್ಲೋ ಬಿರುಕಿದೆ, ಇಲ್ಲವೆ ಗೂಡಿನಲ್ಲಿ ಅರೆಬೆಂದಿದೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಂಡೆಯ ಆವೆಮಣ್ಣು ಈ ಕರಾವಳಿಯ ಹೊಸ ಸಂಪತ್ತಾಯಿತು. ಆ ಹಂಚು ಬ್ರಿಟಿಷರ ಕಾಲದ ಸರ್ಕಾರಿ ಕಟ್ಟಡಗಳ ಮಾಡನ್ನೂ ಏರಿತು. ಇಂದಿಗೂ ಭಾರತೀಯ ಮಾನಕಗಳಲ್ಲಿ ಅದಕ್ಕೊಂದು ಪ್ರತ್ಯೇಕ ಮಾನಕವಿದೆ. ಐ.ಎಸ್. 654 ಎಂಬ ಆ ಪುಸ್ತಿಕೆಯ ಹೆಸರಿನಲ್ಲೇ ‘ಮಂಗಳೂರು ಮಾದರಿ’ ಎಂದಿದೆ. ಹಂಚನ್ನು ಒಲೆಯಲ್ಲಿ ಒಣಗಿಸಿ ತೂಗಬೇಕು, 24 ಗಂಟೆ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಬೇಕು, ಎಷ್ಟು ನೀರು ಕುಡಿಯಿತೆಂದು ನೋಡಬೇಕು, ಎಷ್ಟು ಭಾರಕ್ಕೆ ಮುರಿಯುತ್ತದೆಂದು ನೋಡಬೇಕು. ಅಜ್ಜನ ಗೆಣ್ಣು ಕೇಳುತ್ತಿದ್ದ ಪ್ರಶ್ನೆಯನ್ನೇ ಮಾನಕವು ಅಂಕಿಗಳಲ್ಲಿ ಕೇಳುತ್ತದೆ.

ಆದರೆ ಅಜ್ಜನಿಗೆ ಒಂದು ಅನುಕೂಲವಿತ್ತು. ಹಣ ಅವರದು, ಮನೆ ಅವರದು, ಸೋರಿದರೆ ನೆನೆಯುವ ಚಾಪೆಯೂ ಅವರದೇ. ಆರಿಸುವ ಕೈ, ತಟ್ಟುವ ಕೈ, ದುಡ್ಡು ಕೊಡುವ ಕೈ ಮೂರೂ ಒಂದೇ. ಸರ್ಕಾರ ಕೊಳ್ಳುವಾಗ ಈ ಮೂರು ಕೈಗಳು ಬೇರೆಯಾಗುತ್ತವೆ. ಹಣ ಜನರದು, ಸಹಿ ಅಧಿಕಾರಿಯದು, ಬಳಕೆ ಇನ್ನಾರದೋ. ಆಗ ತಟ್ಟಿ ನೋಡುವ ಕೈ ಯಾರದು? ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತ.

ಮೊದಲು, ಕರಾರಿನಲ್ಲಿ ಯಾವ ಪರೀಕ್ಷೆಗಳಿವೆ ಎಂಬುದನ್ನು ನೋಡೋಣ. ಆಮೇಲೆ, ಪರೀಕ್ಷೆಗೆ ಹೋಗುವ ಮಾದರಿಯನ್ನು ಯಾರು ತೆಗೆಯುತ್ತಾರೆ ಎಂಬುದು. ನಂತರ, ಫಲಿತಾಂಶ ಬರುವ ಹೊತ್ತಿಗೆ ಸರಕು ಎಲ್ಲಿರುತ್ತದೆ ಎಂಬುದು. ಕೊನೆಯದಾಗಿ, ಆ ಫಲಿತಾಂಶ ಯಾರ ಕಣ್ಣಿಗೆ ಬೀಳುತ್ತದೆ ಎಂಬುದು. ಎರಡನೆಯ ವಿಷಯಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡರೆ ಕ್ಷಮಿಸಬೇಕು. ನನ್ನ ವೃತ್ತಿಜೀವನದ ಬಹುಪಾಲು ಕಳೆದದ್ದು ಅಲ್ಲೇ.

ಕರ್ನಾಟಕದಲ್ಲಿ ಸರ್ಕಾರ ಏನನ್ನೇ ಕೊಳ್ಳಲಿ, ಏನನ್ನೇ ಕಟ್ಟಿಸಲಿ, ಅದು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಅಡಿಗೆ ಬರುತ್ತದೆ. ಕಾಯ್ದೆಯ ಉದ್ದ ಹೆಸರನ್ನು ಯಾರೂ ಹೇಳುವುದಿಲ್ಲ, ಕೆ.ಟಿ.ಪಿ.ಪಿ. ಎಂದರೆ ಎಲ್ಲರಿಗೂ ಗೊತ್ತು. 2000ದಲ್ಲಿ ಅದರ ನಿಯಮಗಳು ಬಂದವು. ಟೆಂಡರನ್ನು ಬಹಿರಂಗವಾಗಿ ಕರೆಯಬೇಕು, ಎಲ್ಲರಿಗೂ ಒಂದೇ ಷರತ್ತು, ಅರ್ಹರಲ್ಲಿ ಕಡಿಮೆ ದರ ಹಾಕಿದವರಿಗೆ ಕೆಲಸ. ಬೆಲೆಯ ವಿಷಯದಲ್ಲಿ ಇದು ದೊಡ್ಡ ಸುಧಾರಣೆ ಎಂಬುದನ್ನು ಹಳೆಯ ಕಾಲ ಕಂಡ ನಾನು ತುಂಬು ಮನಸ್ಸಿನಿಂದ ಹೇಳುತ್ತೇನೆ. ಈಗ ಬೆಳ್ತಂಗಡಿಯ ಮೂಲೆಯ ಗುತ್ತಿಗೆದಾರನೂ ಬೆಂಗಳೂರಿನವನೂ ಒಂದೇ ಪೋರ್ಟಲಿನಲ್ಲಿ ದರ ತುಂಬುತ್ತಾರೆ. ಆದರೆ ಕಡಿಮೆ ಬೆಲೆಗೆ ಕೊಂಡದ್ದು ಒಳ್ಳೆಯದೂ ಆಗಿರಬೇಕಾದರೆ ಬೆಲೆಯ ಪಕ್ಕದಲ್ಲಿ ಇನ್ನೊಂದು ಕಾವಲು ಬೇಕು. ಅದೇ ಗುಣಪರೀಕ್ಷೆಯ ಷರತ್ತು.

ಷರತ್ತುಗಳು ಇಲ್ಲವೆಂದಲ್ಲ. ಅವು ಬೇಕಾದಷ್ಟಿವೆ ಎಂಬುದನ್ನು ನಮ್ಮ ಊರಿನ ಮುರಕಲ್ಲಿನಿಂದಲೇ ತೋರಿಸಬಹುದು. ಪಂಚಾಯತ್ ಕಟ್ಟಡವಿರಲಿ, ಅಂಗನವಾಡಿಯಿರಲಿ, ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಗೋಡೆ ಏಳುವುದು ಹೆಚ್ಚಾಗಿ ಮುರಕಲ್ಲಿನಲ್ಲಿ. ಕೋರೆಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು ಇದು. ಐ.ಎಸ್. 3620 ಇದಕ್ಕೆಂದೇ ಇರುವ ಮಾನಕ: ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಾಳಬೇಕು, ಹೀರುವ ನೀರು ನೂರಕ್ಕೆ 12ನ್ನು ಮೀರಬಾರದು. ಒಳ್ಳೆಯ ಮೇಸ್ತ್ರಿಗೆ ಕೊಡಲಿಯ ಒಂದೇ ಪೆಟ್ಟಿನಲ್ಲಿ ಇದು ಗೊತ್ತಾಗುತ್ತದೆ. ಎಸ್ಟಿಮೇಟಿನಲ್ಲಿ ಮಾನಕದ ಸಂಖ್ಯೆ ಅಚ್ಚಾಗಿರುತ್ತದೆ. ಆದರೆ ಅಂಗನವಾಡಿಯ ಕಲ್ಲನ್ನು ಯಂತ್ರದ ಕೆಳಗಿಟ್ಟು ಪರೀಕ್ಷಿಸಿದ ವರದಿಯನ್ನು ನಿಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೀರಿ?

ಕಾಂಕ್ರೀಟಿಗೆ ಬನ್ನಿ. ತೋಡಿಗೆ ಅಡ್ಡಲಾಗಿ ಒಂದು ಸಣ್ಣ ಕಿಂಡಿ ಅಣೆಕಟ್ಟು ಕಟ್ಟುತ್ತೇವೆ, 45 ಘನ ಮೀಟರ್ ಕಾಂಕ್ರೀಟು ಬೇಕು ಎಂದಿಟ್ಟುಕೊಳ್ಳಿ. ಐ.ಎಸ್. 456ರ ಪ್ರಕಾರ 31ರಿಂದ 50 ಘನ ಮೀಟರಿನವರೆಗೆ 4 ಮಾದರಿ ತೆಗೆಯಬೇಕು, ಒಂದೊಂದು ಮಾದರಿಗೆ 3 ಕ್ಯೂಬು, ಒಟ್ಟು 12. ಪ್ರತಿಯೊಂದೂ 150 ಮಿಲಿಮೀಟರಿನ ಘನ, ಸುಮಾರು 8 ಕಿಲೋ ತೂಕ. 28 ದಿನ ನೀರಿನಲ್ಲಿಟ್ಟು ಯಂತ್ರದಲ್ಲಿ ಒಡೆಯಬೇಕು. ಎಂ-20 ದರ್ಜೆಯ ಕಾಂಕ್ರೀಟಾದರೆ ಒಂದು ಕ್ಯೂಬು ಕಡಿಮೆಯೆಂದರೂ 450 ಕಿಲೋನ್ಯೂಟನ್ ಹೊರಬೇಕು, ಅಂದರೆ 45 ಟನ್ನಿಗೂ ತುಸು ಹೆಚ್ಚು. ಸ್ವೀಕಾರದ ಲೆಕ್ಕ ಇದಕ್ಕಿಂತಲೂ ಬಿಗಿ. ಒಂದು ಮಾದರಿಯ ಮೂರು ಕ್ಯೂಬುಗಳು ಸರಾಸರಿಯಿಂದ ನೂರಕ್ಕೆ 15ಕ್ಕಿಂತ ಹೆಚ್ಚು ಆಚೀಚೆ ಹೋದರೆ ಆ ಮಾದರಿಯನ್ನೇ ನಂಬುವಂತಿಲ್ಲ. ಇಷ್ಟು ಚೊಕ್ಕವಾಗಿ ಬರೆದಿಟ್ಟವರಿಗೆ ನಾನು ತಲೆಬಾಗುತ್ತೇನೆ.

ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು. ಕರಾರಿನಲ್ಲಿ ಬರೆದದ್ದನ್ನು ಮಾತ್ರ ಪರೀಕ್ಷೆ ಅಳೆಯುತ್ತದೆ. ಪಡಿತರದ ಕುಚ್ಚಲಕ್ಕಿಯನ್ನೇ ನೋಡಿ. ಕೇಂದ್ರದ ನಿರ್ದಿಷ್ಟತೆಯಲ್ಲಿ ನುಚ್ಚು ನೂರಕ್ಕೆ 16, ತೇವಾಂಶ 14 ಮೀರಬಾರದೆಂದಿದೆ. ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾದ ಅಕ್ಕಿಯನ್ನು ಬಂಟ್ವಾಳದ ಮನೆಗಳು ಮನಸ್ಸಿಟ್ಟು ಉಣ್ಣಲಿಲ್ಲ. ನಮಗೆ ಬೇಕಾದದ್ದು ಕೆಂಪು ತವುಡು ಉಳಿಸಿಕೊಂಡ ಊರ ಅಕ್ಕಿ, ಗಂಜಿಗೆ ಹೊಂದುವ ಅಕ್ಕಿ. ಅದನ್ನೇ ಪಡಿತರದಲ್ಲಿ ಕೊಡಿ ಎಂದು ಈ ಜಿಲ್ಲೆ ವರ್ಷಗಟ್ಟಲೆ ಕೇಳಿತು. ಉಣ್ಣುವವರನ್ನು ಕೇಳದೆ ಬರೆದ ನಿರ್ದಿಷ್ಟತೆಗೆ ಪ್ರಾಮಾಣಿಕ ಪರೀಕ್ಷೆಯೂ ಹೆಚ್ಚು ಉಪಯೋಗವಾಗದು.

ಇನ್ನು ಎರಡನೆಯ ವಿಷಯ: ಮಾದರಿ ಯಾರ ಕೈಯಲ್ಲಿ?

ಬೆಳ್ತಂಗಡಿ ತಾಲೂಕಿನ ಯಾವುದೇ ಹಾಲಿನ ಸೊಸೈಟಿಗೆ ಬೆಳಗ್ಗೆ ಹೋಗಿ ನಿಂತರೆ ಈ ಪ್ರಶ್ನೆಗೆ ಉತ್ತರ ಕಾಣುತ್ತದೆ. ಎರಡು ಲೀಟರ್ ಹಾಲು ಹಿಡಿದು ಒಬ್ಬ ತಾಯಿ ಸಾಲಿನಲ್ಲಿ ನಿಂತಿರುತ್ತಾರೆ. ಹಾಲು ಅಳೆದ ಕೂಡಲೇ ಅದರಿಂದ ಮಾದರಿ ತೆಗೆಯುತ್ತಾರೆ. ತೆಗೆಯುವವರು ಸೊಸೈಟಿಯವರು, ಅಂದರೆ ಕೊಳ್ಳುವವರು. ತೆಗೆಯುವುದು ಮಾರುವವರ ಕಣ್ಣೆದುರಿಗೆ. ನೂರಕ್ಕೆ ಫ್ಯಾಟ್ 3.5, ಎಸ್.ಎನ್.ಎಫ್. ಅಂದರೆ ಕೊಬ್ಬಲ್ಲದ ಘನಾಂಶ 8.5 ಇದೆಯೇ ಎಂದು ಯಂತ್ರ ಹೇಳುತ್ತದೆ. ಅದರ ಮೇಲೆ ದರ, ಕೈಗೆ ಚೀಟಿ. ಸಂಜೆ ಮತ್ತೆ ಅದೇ ಕ್ರಮ. ಒಂದು ದನ ಸಾಕಿದ ಮನೆ ವರ್ಷಕ್ಕೆ ಏಳುನೂರು ಸಲ ಈ ಪರೀಕ್ಷೆಗೆ ನಿಲ್ಲುತ್ತದೆ. ಅದನ್ನು ಅವಮಾನವೆಂದು ಯಾರೂ ತಿಳಿದಿಲ್ಲ. ಬದಲಿಗೆ, ಪಕ್ಕದ ಮನೆಯ ನೀರು ಹಾಲಿಗೆ ತನ್ನ ದಪ್ಪ ಹಾಲಿನ ದರ ಸಿಗುವುದಿಲ್ಲವೆಂಬ ನೆಮ್ಮದಿ ಅವರಿಗಿದೆ.

ಎರಡು ಲೀಟರ್ ಹಾಲಿಗೆ ಇರುವ ಈ ಶಿಸ್ತು ಎರಡು ಕೋಟಿಯ ರಸ್ತೆಗೆ ಇದೆಯೇ? ಇಲ್ಲಿ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತೇನೆ. ನಾನು ಮೂರು ದಶಕ ಸಿವಿಲ್ ಎಂಜಿನಿಯರಿಂಗ್ ಕಲಿಸಿದವನು. ಕಾಲೇಜಿನ ಪರೀಕ್ಷಾಲಯಕ್ಕೆ ಸುತ್ತಲ ಊರುಗಳ ಸರ್ಕಾರಿ ಕೆಲಸಗಳ ಕ್ಯೂಬುಗಳು ಬರುತ್ತಿದ್ದವು. ಒಂದು ದಿನ ಕಾರಿನ ಹಿಂದಿನ ಸೀಟಿನಲ್ಲಿ ಪತ್ರಿಕೆ ಹಾಸಿ ಆರು ಕ್ಯೂಬುಗಳನ್ನು ಒಬ್ಬರು ತಂದರು. ಅಂಚುಗಳು ಕತ್ತರಿಸಿಟ್ಟಂತೆ ಚೂಪು, ಮೈ ಕನ್ನಡಿ. ಎಂ-20 ಎಂದು ಬರೆದ ಪತ್ರ. ಯಂತ್ರದಲ್ಲಿಟ್ಟಾಗ ಆರೂ ಚದರ ಮಿಲಿಮೀಟರಿಗೆ 34 ನ್ಯೂಟನ್ನಿನ ಆಸುಪಾಸಿನಲ್ಲಿ ಒಡೆದವು. ಆರೂ ಹೆಚ್ಚುಕಡಿಮೆ ಒಂದೇ ಅಂಕಿ. ತೋಡಿನ ಬದಿಯಲ್ಲಿ, ಮಿಕ್ಸರಿನ ಬಾಯಿಗೆ ಬುಟ್ಟಿಯ ಲೆಕ್ಕದಲ್ಲಿ ಮರಳು ಜಲ್ಲಿ ಹಾಕುವ ಕೆಲಸದಲ್ಲಿ ಇಂಥ ಏಕರೂಪ ಬರುವುದಿಲ್ಲ. ಆ ಕ್ಯೂಬುಗಳು ಆ ಕೆಲಸದ ಕಾಂಕ್ರೀಟಿನವಲ್ಲ, ಪರೀಕ್ಷೆಗೆಂದೇ ಬೇರೆಡೆ ಹೊಯ್ದವು ಎಂದು ನನಗೆ ಅನಿಸಿತು. ಆದರೂ ವರದಿಗೆ ಸಹಿ ಹಾಕಿದೆ. ವರದಿಯ ಅಡಿಯಲ್ಲಿ ಒಂದು ಸಾಲು ಅಚ್ಚಾಗಿತ್ತು: ‘ಮಾದರಿಯನ್ನು ತಂದುಕೊಟ್ಟವರು ಗ್ರಾಹಕರು, ಫಲಿತಾಂಶ ಆ ಮಾದರಿಗೆ ಮಾತ್ರ ಅನ್ವಯ.’ ಆ ಸಾಲು ನನ್ನನ್ನು ಕಾಪಾಡಿತು. ಆ ಕೆಲಸವನ್ನು ಕಾಪಾಡಿತೇ? ಎರಡು ಮಳೆಗಾಲ ಕಳೆದ ಮೇಲೆ ಆ ದಾರಿಯಲ್ಲಿ ಹೋಗುವಾಗ ನಾನು ಬಸ್ಸಿನ ಇನ್ನೊಂದು ಬದಿಯ ಕಿಟಕಿಯಲ್ಲಿ ಕೂತೆ.

ಆ ಸಾಲು ಸುಳ್ಳಲ್ಲ. ಪ್ರಯೋಗಾಲಯ ತನಗೆ ಸಿಕ್ಕ ವಸ್ತುವನ್ನು ಮಾತ್ರ ಪರೀಕ್ಷಿಸಬಲ್ಲದು. ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಂಥ ದೊಡ್ಡ ಸಂಸ್ಥೆಯ ಯಂತ್ರವಾದರೂ ಅಷ್ಟೆ. ಆದ್ದರಿಂದ ನನ್ನ ಖಚಿತ ಅಭಿಪ್ರಾಯ: ಗುಣಪರೀಕ್ಷೆಯ ಷರತ್ತಿನ ಜೀವ ಇರುವುದು ಯಂತ್ರದಲ್ಲಲ್ಲ, ಮಾದರಿ ತೆಗೆಯುವ ಐದು ನಿಮಿಷದಲ್ಲಿ. ನಮ್ಮ ಬಹುಪಾಲು ಕರಾರುಗಳು ಯಾವ ಪರೀಕ್ಷೆ, ಯಾವ ಮಾನಕ ಎಂಬುದನ್ನು ಪುಟಗಟ್ಟಲೆ ಬರೆಯುತ್ತವೆ. ಆ ಐದು ನಿಮಿಷದಲ್ಲಿ ಯಾರು ಹಾಜರಿರಬೇಕು, ಗುರುತು ಹೇಗೆ ಹಾಕಬೇಕು, ಪ್ರಯೋಗಾಲಯಕ್ಕೆ ಯಾರು ಹೊತ್ತೊಯ್ಯಬೇಕು ಎಂಬಲ್ಲಿ ಒಂದು ಸಾಲಿಗೆ ಮುಗಿಸಿಬಿಡುತ್ತವೆ.

ಇದಕ್ಕೆ ದಾರಿ ಕಂಡುಕೊಂಡವರು ಇದ್ದಾರೆ. ನೆರೆಯ ತಮಿಳುನಾಡಿನಲ್ಲಿ 1994ರಲ್ಲಿ ಸರ್ಕಾರಿ ಆಸ್ಪತ್ರೆಗಳ ಔಷಧ ಖರೀದಿಗೆಂದು ವೈದ್ಯಕೀಯ ಸೇವೆಗಳ ನಿಗಮವನ್ನು ಸ್ಥಾಪಿಸಿದರು. ಅವರ ಕ್ರಮ ಸರಳ. ಗೋದಾಮಿಗೆ ಬಂದ ಬ್ಯಾಚಿನಿಂದ ನಿಗಮದವರೇ ಮಾದರಿ ತೆಗೆಯುತ್ತಾರೆ. ಕಂಪನಿಯ ಹೆಸರು ಕಾಣದಂತೆ ಮುಚ್ಚಿ ಒಂದು ಸಂಕೇತಸಂಖ್ಯೆ ಹಾಕುತ್ತಾರೆ. ಯಾರ ಔಷಧವೆಂದು ಪ್ರಯೋಗಾಲಯಕ್ಕೂ ತಿಳಿಯುವುದಿಲ್ಲ, ಯಾವ ಪ್ರಯೋಗಾಲಯಕ್ಕೆ ಹೋಯಿತೆಂದು ಕಂಪನಿಗೂ ತಿಳಿಯುವುದಿಲ್ಲ. ಪಾಸಾದ ಮೇಲಷ್ಟೇ ಆ ಬ್ಯಾಚು ಆಸ್ಪತ್ರೆಗೆ ಹೊರಡುತ್ತದೆ. ವಿಶ್ವವಿದ್ಯಾಲಯದ ಉತ್ತರಪತ್ರಿಕೆಗೆ ನಾವು ಮಾಡುವುದೂ ಇದನ್ನೇ ಅಲ್ಲವೇ? ವಿದ್ಯಾರ್ಥಿಯ ಹೆಸರನ್ನು ಮುಚ್ಚಿ ಸಂಖ್ಯೆ ಕೊಡುವ ನಾವು ಗುತ್ತಿಗೆದಾರನ ಹೆಸರನ್ನು ಕ್ಯೂಬಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕಳಿಸುತ್ತೇವೆ.

ಹಳ್ಳಿರಸ್ತೆಗಳ ವಿಷಯದಲ್ಲಿಯೂ ಒಂದು ಒಳ್ಳೆಯ ಮೇಲ್ಪಂಕ್ತಿಯಿದೆ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಗುಣನಿಯಂತ್ರಣಕ್ಕೆ ಮೂರು ಹಂತಗಳಿವೆ. ಮೊದಲನೆಯದು ಕೆಲಸದ ಸ್ಥಳದ್ದು. ಗುತ್ತಿಗೆದಾರನೇ ಅಲ್ಲಿ ಸಣ್ಣ ಪ್ರಯೋಗಾಲಯ ಇಡಬೇಕು. ಎರಡನೆಯದು ರಾಜ್ಯದ ಪರಿವೀಕ್ಷಕರದು. ಮೂರನೆಯದು ಹೊರರಾಜ್ಯದಿಂದ ಬರುವ ಅನುಭವಿ ಎಂಜಿನಿಯರುಗಳದು. ಅವರು ರಸ್ತೆಯಲ್ಲಿ ತಾವೇ ಜಾಗ ಆರಿಸಿ ಗುಂಡಿ ತೋಡಿಸಿ ಪದರದ ದಪ್ಪ ಅಳೆಯುತ್ತಾರೆ. ಅದರ ಮೇಲೆ ಗುತ್ತಿಗೆದಾರನಿಗೆ 5 ವರ್ಷದ ದೋಷಹೊಣೆ. ಮೂರನೆಯ ಹಂತದವರು ಊರಿನ ಯಾರ ಮದುವೆ ಮನೆಯಲ್ಲೂ ಉಂಡಿರುವುದಿಲ್ಲ ಎಂಬುದೇ ಆ ವ್ಯವಸ್ಥೆಯ ದೊಡ್ಡ ಗುಣ ಎಂದು ನನಗೆ ತೋರುತ್ತದೆ. ನಮ್ಮ ಸಣ್ಣ ತಾಲೂಕುಗಳಲ್ಲಿ ಎಂಜಿನಿಯರ್, ಗುತ್ತಿಗೆದಾರ, ಸದಸ್ಯ ಎಲ್ಲರೂ ಒಂದೇ ಕಂಬಳದ ಗದ್ದೆಯ ಬದಿಯಲ್ಲಿ ನಿಲ್ಲುವವರು. ಅಲ್ಲಿ ‘ಇದು ಫೇಲ್’ ಎಂದು ಬರೆಯಲು ಎಷ್ಟು ಧೈರ್ಯ ಬೇಕೆಂದು ಬರೆಯಲಾಗದೆ ಹೋದ ನನಗೆ ಗೊತ್ತಿದೆ.

ಪರೀಕ್ಷೆಯ ಖರ್ಚಿನ ಬಗ್ಗೆ ಒಂದೇ ಮಾತು. ಅದನ್ನು ಗುತ್ತಿಗೆದಾರನೇ ಭರಿಸತಕ್ಕದ್ದು ಎಂದು ಬರೆದರೆ, ಕಡಿಮೆ ದರಕ್ಕೆ ಇಳಿದವನು ಮೊದಲು ಕತ್ತರಿಸುವುದು ಅದನ್ನೇ. ಪರೀಕ್ಷೆಗೆಂದು ಎಸ್ಟಿಮೇಟಿನಲ್ಲಿ ಬೇರೆಯೇ ಬಾಬು ತೆಗೆದಿಟ್ಟು, ಇಲಾಖೆ ನೇರವಾಗಿ ಪ್ರಯೋಗಾಲಯಕ್ಕೆ ಕೊಡಬೇಕು. ಕೆ.ಟಿ.ಪಿ.ಪಿ. ಕಾಯ್ದೆಯ 4(ಜಿ) ವಿನಾಯಿತಿಯಡಿ ಟೆಂಡರಿಲ್ಲದೆ ಒಪ್ಪಿಸುವ ಕೆಲಸಗಳಲ್ಲಿ ಇದು ಇನ್ನೂ ಅಗತ್ಯ. ಅಲ್ಲಿ ಪೈಪೋಟಿಯ ಕಾವಲೂ ಇರುವುದಿಲ್ಲ.

ಈಗ ಮೂರನೆಯ ವಿಷಯಕ್ಕೆ ಬರುತ್ತೇನೆ. ಫಲಿತಾಂಶ ಯಾವಾಗ ಬರುತ್ತದೆ? ಇಲ್ಲಿ ಬಳ್ಳಾರಿಯ ಹೆಸರು ಎತ್ತದೆ ಮುಂದೆ ಹೋಗಲಾರೆ. 2024ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಕಾಯಿಲೆಬಿದ್ದರು. ಐವರು ತೀರಿಕೊಂಡರು. ಶಂಕೆ ಹೋದದ್ದು ರಕ್ತನಾಳಕ್ಕೆ ಹನಿಸುವ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದನ್ನು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಹೊರರಾಜ್ಯದ ಒಂದು ಕಂಪನಿಯಿಂದ ಕೊಂಡಿತ್ತು. ಸರ್ಕಾರ ಅದರ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆ ಐದು ಮನೆಗಳ ಕೂಸುಗಳನ್ನು ನೆನೆದರೆ ಇಲ್ಲಿ ಲೆಕ್ಕಾಚಾರದ ಮಾತಾಡಲು ನಾಲಿಗೆ ಏಳುವುದಿಲ್ಲ. ಆದರೆ ಮಾತಾಡಲೇಬೇಕು. ಬಂಟ್ವಾಳದ, ಬೆಳ್ತಂಗಡಿಯ ತಾಲೂಕು ಆಸ್ಪತ್ರೆಗಳಿಗೂ ಔಷಧ ಬರುವುದು ಇದೇ ಖರೀದಿಯ ದಾರಿಯಲ್ಲಿ.

ಆ ಪ್ರಕರಣದಲ್ಲಿ ಹೊರಬಂದ ಒಂದು ಸಂಗತಿಯನ್ನು ಗಮನಿಸಿ. ಆ ಸರಬರಾಜಿನ ಕೆಲವು ಬ್ಯಾಚುಗಳು ರಾಜ್ಯದ ಪರೀಕ್ಷೆಯಲ್ಲಿ ಗುಣಮಟ್ಟದ್ದಲ್ಲವೆಂದು ಬಂದಿದ್ದವು. ಕೇಂದ್ರ ಪ್ರಯೋಗಾಲಯದಲ್ಲಿ ಅವುಗಳಲ್ಲಿ ಕೆಲವು ಪಾಸಾಗಿದ್ದವು. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ 25ನೆಯ ಕಲಮಿನಂತೆ, ರಾಜ್ಯದ ವರದಿಯನ್ನು ತಯಾರಕರು ಪ್ರಶ್ನಿಸಿದಾಗ ಕೇಂದ್ರ ಪ್ರಯೋಗಾಲಯದ ವರದಿಯೇ ನಿರ್ಣಾಯಕ ಸಾಕ್ಷ್ಯ. ನ್ಯಾಯಾಲಯದಲ್ಲಿ ತಯಾರಕನಿಗೆ ಶಿಕ್ಷೆ ಕೊಡುವ ಮೊದಲು ಇಂಥ ರಕ್ಷಣೆ ಇರಬೇಕಾದದ್ದು ಸರಿ. ಆದರೆ ಕೊಳ್ಳುವವರ ಸ್ಥಾನ ಬೇರೆ. ಹಾಲಿನ ಸೊಸೈಟಿಗೆ ಒಂದು ಕ್ಯಾನಿನ ಮೇಲೆ ಸಂಶಯ ಬಂದರೆ ಅದು ನ್ಯಾಯಾಲಯದ ತೀರ್ಪಿಗೆ ಕಾಯುವುದಿಲ್ಲ, ಕ್ಯಾನನ್ನು ಬದಿಗಿಡುತ್ತದೆ. ಸಂಶಯದ ಲಾಭ ಮಾರುವವನಿಗೋ ಬಾಣಂತಿಗೋ ಎಂಬುದನ್ನು ಖರೀದಿಯ ಕರಾರಿನಲ್ಲೇ ಬರೆದಿಡಬಹುದು. ಎರಡು ವರದಿಗಳು ಭಿನ್ನವಾದರೆ ಆ ಬ್ಯಾಚು ವಾಪಸ್, ತಕರಾರು ಆಮೇಲೆ ಎಂಬ ಒಂದು ಸಾಲು ಸಾಕು.

ವಿದ್ಯಾರ್ಥಿಗಳಿಗಾಗಿ ಒಂದು ಲೆಕ್ಕ. ಒಂದು ಬ್ಯಾಚಿನ ನೂರು ಬಾಟಲಿಗಳಲ್ಲಿ ಒಂದು ಕೆಟ್ಟಿದೆ ಎಂದಿಟ್ಟುಕೊಳ್ಳಿ. 20 ಬಾಟಲಿ ತೆಗೆದು ಪರೀಕ್ಷಿಸುತ್ತೇವೆ. ಆ ಇಪ್ಪತ್ತರಲ್ಲಿ ಕೆಟ್ಟದ್ದು ಒಂದೂ ಇಲ್ಲದಿರುವ ಸಂಭವ 0.99ರ ಇಪ್ಪತ್ತನೆಯ ಘಾತ, ಅಂದರೆ ಸುಮಾರು 0.82. ನೂರಕ್ಕೆ 82 ಸಲ ಕೆಟ್ಟ ಬ್ಯಾಚು ಪಾಸಾಗುತ್ತದೆ, ಯಾರೂ ಮೋಸ ಮಾಡದೆಯೇ. ಜೀವಾಣುರಹಿತತೆಯ ಪರೀಕ್ಷೆಗಾದರೋ ಕನಿಷ್ಠ 14 ದಿನ ಕಾವು ಕೊಟ್ಟು ಕಾಯಬೇಕು. ಆದ್ದರಿಂದ ಔಷಧದಲ್ಲಿ ಕೊನೆಯ ಪರೀಕ್ಷೆಯೊಂದನ್ನೇ ನೆಚ್ಚಿ ಕೂರಲಾಗದು. ಕರಾರಿನ ಕಣ್ಣು ಕಾರ್ಖಾನೆಯ ಒಳಗೂ ಹೋಗಬೇಕು. ನೀರು ಎಲ್ಲಿಂದ, ಸೋಸುವುದು ಹೇಗೆ, ಆಟೋಕ್ಲೇವಿನ ತಾಪಮಾನದ ದಾಖಲೆ ಎಲ್ಲಿ ಎಂದು ಕೊಳ್ಳುವವರ ಪ್ರತಿನಿಧಿ ಹೋಗಿ ನೋಡುವ ಹಕ್ಕು ಅದರಲ್ಲಿರಬೇಕು. ಪರೀಕ್ಷೆ ಮುಗಿಯುವ ತನಕ ಸರಕು ಗೋದಾಮಿನಲ್ಲೇ ಇರಬೇಕು. ಹಾಗೆ ಇರಬೇಕಾದರೆ ಆರ್ಡರು ಎರಡು ತಿಂಗಳು ಮೊದಲೇ ಹೋಗಿರಬೇಕು. ಕಪಾಟು ಖಾಲಿಯಾದ ಮೇಲೆ ಕೊಂಡ ಔಷಧಕ್ಕೆ 14 ದಿನ ಕಾಯುವ ವ್ಯವಧಾನ ಯಾರಿಗಿರುತ್ತದೆ?

ಕಾಂಕ್ರೀಟಿನ 28 ದಿನದ ಕಥೆಯೂ ಹೀಗೆಯೇ. ನಮ್ಮ ಕರಾವಳಿಯಲ್ಲಿ ಜೂನಿನಿಂದ ಮಳೆ. ತೋಡು ಬತ್ತುವುದು, ಮಣ್ಣು ಒಣಗುವುದು, ಅನುದಾನ ಬಿಡುಗಡೆಯಾಗುವುದು ಎಲ್ಲ ಮುಗಿದು ಕೆಲಸ ಓಡುವುದು ಫೆಬ್ರವರಿ, ಮಾರ್ಚಿನಲ್ಲಿ. ಮಾರ್ಚ್ 31ಕ್ಕೆ ಬಿಲ್ಲು ಆಗಬೇಕು, ಇಲ್ಲವಾದರೆ ಹಣ ವಾಪಸ್ ಹೋಗುತ್ತದೆ. ಮಾರ್ಚ್ 15ಕ್ಕೆ ಹೊಯ್ದ ಕಾಂಕ್ರೀಟಿನ ಫಲಿತಾಂಶ ಬರಬೇಕಾದದ್ದು ಏಪ್ರಿಲ್ 12ಕ್ಕೆ. ಹಾಗಾದರೆ ಮಾರ್ಚಿನ ಕಡತದೊಳಗೆ 28 ದಿನದ ವರದಿ ಹೇಗೆ ಬಂದು ಕೂತಿತು? ಇದರಲ್ಲಿ ಕಿರಿಯ ಎಂಜಿನಿಯರನ್ನು ಬೈದು ಪ್ರಯೋಜನವಿಲ್ಲ. ಹಣಕಾಸು ವರ್ಷದ ಪಂಚಾಂಗವೂ ಸಿಮೆಂಟಿನ ಪಂಚಾಂಗವೂ ಹೊಂದುವುದಿಲ್ಲ, ಸಿಮೆಂಟು ತಲೆಬಾಗುವುದಿಲ್ಲ, ಆದ್ದರಿಂದ ವರದಿ ಬಾಗುತ್ತದೆ. ಒಂದು ಭಾಗ ಹಣವನ್ನು ಠೇವಣಿಯಾಗಿ ಹಿಡಿದಿಟ್ಟು, 28 ದಿನದ ಫಲಿತಾಂಶ ಬಂದ ಮೇಲೆ ಮಾತ್ರ ಬಿಡುವ ಷರತ್ತು ಹಾಕಿದರೆ ಈ ಸುಳ್ಳು ಬೇಕಾಗುವುದಿಲ್ಲ.

ಕೆಲಸ ಹಸ್ತಾಂತರವಾದ ಮೇಲೂ ಪರೀಕ್ಷೆ ಮುಗಿಯುವುದಿಲ್ಲ ಎಂಬುದನ್ನು ನಮಗೆ ಮುಲಾರಪಟ್ಣ ಹೇಳಿದೆ. 2018ರ ಜೂನ್ 25ರ ಸಂಜೆ ಫಲ್ಗುಣಿ ನದಿಯ ಮೇಲಿನ ಆ ಸೇತುವೆ, ಬಂಟ್ವಾಳ ಮತ್ತು ಮಂಗಳೂರು ತಾಲೂಕುಗಳ ನಡುವಿನ ಕೊಂಡಿ, ಕುಸಿದು ನೀರಿಗೆ ಬಿತ್ತು. ಅದಕ್ಕೆ ಬಹಳ ವಯಸ್ಸೇನೂ ಆಗಿರಲಿಲ್ಲ. ಮರಳು ತೆಗೆದು ಬುಡ ಸಡಿಲವಾಯಿತೆಂಬ ಮಾತು ಊರಿನಲ್ಲಿ ಜೋರಾಗಿ ಕೇಳಿತು. ಸೇತುವೆಗೆ ಕಾಂಕ್ರೀಟು ಹೊಯ್ದ ದಿನ ಕ್ಯೂಬುಗಳು ಎಷ್ಟು ಚೆನ್ನಾಗಿ ಒಡೆದಿದ್ದರೂ ನದಿಯ ತಳದಲ್ಲಿ ಮುಂದೆ ಆಗುವುದನ್ನು ಅವು ಹೇಳಲಾರವು. ಹಿಂದಿನವರು ಗಟ್ಟಿಯಾಗಿ ಕಟ್ಟುತ್ತಿದ್ದರು, ಪಾಣೆಮಂಗಳೂರಿನ ಶತಮಾನದ ಸೇತುವೆ ನೋಡಿ, ಇದೇ ಮೂಡುಬಿದಿರೆಯ 1430ರ ಸಾವಿರ ಕಂಬದ ಬಸದಿ ನೋಡಿ ಎಂದು ಹೇಳುವ ರೂಢಿಯಿದೆ. ನಾನು ಆ ಮಾತಿಗೆ ದನಿಗೂಡಿಸುವುದಿಲ್ಲ. ನಿಂತದ್ದು ಕಣ್ಣಿಗೆ ಕಾಣುತ್ತದೆ, ಆ ಕಾಲದಲ್ಲೇ ಬಿದ್ದುಹೋದದ್ದನ್ನು ಯಾರೂ ಲೆಕ್ಕ ಇಟ್ಟಿಲ್ಲ.

ಕೊನೆಯ ವಿಷಯ: ಫಲಿತಾಂಶವನ್ನು ಯಾರು ನೋಡುತ್ತಾರೆ?

ನಿಮ್ಮಲ್ಲಿ ಅಡಿಕೆ ಕೃಷಿಕರು ಬಹಳ ಮಂದಿ ಇದ್ದೀರಿ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಮಾಡುವಾಗ ಏನು ಮಾಡುತ್ತೀರಿ? ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಕಲಸಿದ ಮೇಲೆ ಉಜ್ಜಿದ ಕತ್ತಿಯನ್ನು ಅದ್ದಿ ನೋಡುತ್ತೀರಿ. ಕತ್ತಿಗೆ ಕೆಂಪು ಹಿಡಿದರೆ ತಾಮ್ರ ಹೆಚ್ಚಾಯಿತು, ಇನ್ನಷ್ಟು ಸುಣ್ಣ ಬೇಕು. ಮದ್ದು ಬಿಡುವ ಆಳು, ತೋಟದ ಯಜಮಾನ, ಮನೆಯ ಮಕ್ಕಳು ಎಲ್ಲರೂ ಆ ಕತ್ತಿಯನ್ನು ನೋಡುತ್ತಾರೆ. ಯಾರಿಗೂ ಪ್ರಮಾಣಪತ್ರ ಬೇಕಿಲ್ಲ. ಬಳಸುವವನ ಕಣ್ಣೆದುರು, ಬಳಸುವ ಮೊದಲು ನಡೆಯುವ ಪರೀಕ್ಷೆಯೆಂದರೆ ಹೀಗಿರಬೇಕು.

ಸರ್ಕಾರಿ ಖರೀದಿಯಲ್ಲಿಯೂ ಇದಕ್ಕೆ ಅವಕಾಶಗಳಿವೆ, ನಾವು ಬಳಸಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯ ಮಾದರಿಯನ್ನು ಗ್ರಾಹಕರಿಗೆ ಕಾಣುವಂತೆ ಇಡಬೇಕೆಂಬ ನಿಯಮವಿದೆ. ಚೀಲದ ಅಕ್ಕಿಯನ್ನು ಅದರೊಂದಿಗೆ ಹೋಲಿಸಿ ನೋಡುವ ಹಕ್ಕು ನಿಮ್ಮದು. ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡಬೇಕೆಂದಿದೆ. ಬಂಟ್ವಾಳದ ಕರೋಪಾಡಿ, ಸಂಗಬೆಟ್ಟುಗಳಂಥ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳಲ್ಲಿ ಎಷ್ಟೊಂದು ಪೈಪು ಮಣ್ಣಿನಡಿ ಹೋಗಿದೆ! ಎಚ್.ಡಿ.ಪಿ.ಇ. ಪೈಪಿನ ಮೈಮೇಲೆ ಮಾನಕದ ಸಂಖ್ಯೆ, ಒತ್ತಡದ ದರ್ಜೆ ಅಚ್ಚಾಗಿರುತ್ತದೆ. ಕಾಲುವೆ ಮುಚ್ಚುವ ಮೊದಲು ಒತ್ತಡದ ನೀರು ಬಿಟ್ಟು ಗೇಜನ್ನು ನೋಡಬೇಕು. ಆ ಹೊತ್ತಿಗೆ ಅದೇ ಐವರು ಮಹಿಳೆಯರು ಅಲ್ಲಿ ನಿಂತಿರಬೇಕು, ಅವರ ಸಹಿಯಿಲ್ಲದೆ ಬಿಲ್ಲಾಗಬಾರದು ಎಂದು ಕರಾರಿನಲ್ಲಿ ಬರೆಯಬಾರದೇಕೆ? ಮುಚ್ಚಿದ ಮೇಲೆ ಮಣ್ಣು ಏನನ್ನೂ ಹೇಳುವುದಿಲ್ಲ.

ಇನ್ನೂ ಒಂದು ಹಕ್ಕು ಇದೆ. ಮಾಹಿತಿ ಹಕ್ಕು ಕಾಯ್ದೆ, 2005 ಎಂದರೆ ಕಾಗದದ ನಕಲು ಕೇಳುವುದು ಎಂದಷ್ಟೇ ನಮಗೆ ಗೊತ್ತು. ಅದರ 2(ಜೆ) ಕಲಮನ್ನು ದಯವಿಟ್ಟು ಓದಿ. ಕಾಮಗಾರಿಯನ್ನು ಪರಿಶೀಲಿಸುವ ಹಕ್ಕೂ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅಲ್ಲಿ ಸ್ಪಷ್ಟವಾಗಿ ಇವೆ. ಅಂಗನವಾಡಿಯ ಗೋಡೆಗೆ ಬಂದ ಮುರಕಲ್ಲನ್ನು, ರಸ್ತೆಗೆ ಬಂದ ಜಲ್ಲಿಯನ್ನು ಮೊಹರು ಹಾಕಿ ಕೊಡಿ ಎಂದು ಒಬ್ಬ ಸಾಮಾನ್ಯ ನಾಗರಿಕ ಕೇಳಬಹುದು. ತಟ್ಟಿ ನೋಡುವ ಕೈ ಯಾರದೆಂಬ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರ ಅದು. ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಸಾವಿರ ಪುಟಗಳ ನಕಲನ್ನು ನಾವು ಪಡೆದಿದ್ದೇವೆ. ಒಂದು ಕಲ್ಲನ್ನು ಕೇಳಿದವರನ್ನು ನಾನಿನ್ನೂ ಭೇಟಿಯಾಗಿಲ್ಲ.

ಆರಂಭದಲ್ಲಿ ಹೇಳಿದ ಕೆಲಸದ ವಿಷಯಕ್ಕೆ ಬರುತ್ತೇನೆ. ಇವತ್ತಿಗೆ ಸರಿಯಾಗಿ 28 ದಿನಗಳ ಹಿಂದೆ ಈ ಕಾಲೇಜಿನ ವಿದ್ಯಾರ್ಥಿಗಳು ಹತ್ತಿರದ ಒಂದು ಸಾರ್ವಜನಿಕ ಕಾಮಗಾರಿಗೆ ಹೋದರು. ಎಂಜಿನಿಯರ್ ಮತ್ತು ಗುತ್ತಿಗೆದಾರ ಇಬ್ಬರೂ ಸಂತೋಷದಿಂದ ಒಪ್ಪಿದ್ದರು. ಮಿಕ್ಸರಿನಿಂದ ಬಿದ್ದ ಕಾಂಕ್ರೀಟಿನ ನಡುವಿನಿಂದ ಮೂರು ಅಚ್ಚು ತುಂಬಿದರು. ಹಸಿಯಿರುವಾಗಲೇ ಮೊಳೆಯಿಂದ ತಾರೀಕನ್ನೂ ಸಂಖ್ಯೆಯನ್ನೂ ಗೀರಿದರು. ಪಕ್ಕದ ಶಾಲೆಯ ಮುಖ್ಯೋಪಾಧ್ಯಾಯಿನಿ ಸಾಕ್ಷಿಯಾಗಿ ಬಂದು ಚೀಟಿಗೆ ಸಹಿ ಹಾಕಿದರು. ಆ ಮೂರು ಕ್ಯೂಬುಗಳು ಕೆಳಗಿನ ಪರೀಕ್ಷಾಲಯದ ತೊಟ್ಟಿಯಲ್ಲಿವೆ. ಅವು ಎಷ್ಟಕ್ಕೆ ಒಡೆಯುತ್ತವೋ ನನಗೂ ತಿಳಿಯದು, ಗುತ್ತಿಗೆದಾರರಿಗೂ ತಿಳಿಯದು. ಅವರು, ಎಂಜಿನಿಯರ್, ಮುಖ್ಯೋಪಾಧ್ಯಾಯಿನಿ ಮೂವರೂ ಈ ಸಭೆಯಲ್ಲಿದ್ದಾರೆ. ಚಹಾ ಆದ ಮೇಲೆ ಎಲ್ಲರೂ ಕೆಳಗೆ ಬನ್ನಿ, ಕ್ಯೂಬುಗಳನ್ನು ನೀರಿನಿಂದ ತೆಗೆದು ಒರೆಸಿ ಯಂತ್ರದಲ್ಲಿಡೋಣ. ಅಂಕಿಯನ್ನು ಗೋಡೆಯ ಕರಿಹಲಗೆಯ ಮೇಲೆ ವಿದ್ಯಾರ್ಥಿಗಳು ಬರೆಯುತ್ತಾರೆ.